ಪುಟ ಮಲಗಿಸುವ ಕೆಲಸ

ಲಂಡನ್ನಿಗೆ ಉತ್ತರದ ರಷ್ಡನ್ ಊರಿನಲ್ಲಿ ದೇವರಿಗೆ ಬರ ಇರಲಿಲ್ಲ. ಬೂಟಿನ ಕಾರ್ಖಾನೆಗಳು ಎಷ್ಟೋ ಪ್ರಾರ್ಥನಾ ಮಂದಿರಗಳೂ ಅಷ್ಟೇ. ಒಂದು ಮಂದಿರದವರು ಕಾಸಿದ ಚಹಾ ಇನ್ನೊಂದು ಮಂದಿರದವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಷ್ಟಿದ್ದರೂ ಮೇವಿಸ್ ಟೆಬಟ್ ದೇವರ ಕೈಗೆ ಸಿಕ್ಕಿಬಿದ್ದದ್ದು ಹೆಂಗಸರ ವಾರಪತ್ರಿಕೆಯೊಂದರಲ್ಲಿ, ಕಸ್ಟರ್ಡ್ ಪುಡಿಯ ಜಾಹೀರಾತಿಗೂ ಹೊಟ್ಟೆ ಬಿಗಿಯುವ ಒಳಉಡುಪಿನ ಜಾಹೀರಾತಿಗೂ ನಡುವೆ.

ಮೇವಿಸ್ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರ ಕೂದಲು ಕತ್ತರಿಸಿ ಸುರುಳಿ ಕಟ್ಟುವ ಅಂಗಡಿ ಇಟ್ಟಿದ್ದಳು. ಎರಡು ಕನ್ನಡಿ, ತಲೆ ಒಣಗಿಸುವ ಎರಡು ಯಂತ್ರ, ಅದರಡಿ ಕೂತವರಿಗೆ ಓದಲು ಪತ್ರಿಕೆಗಳ ರಾಶಿ. ಗಂಡ ವಿಲ್ಫ್ ಬೂಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸುವವನು. ದಪ್ಪ ಹೆಬ್ಬೆರಳು, ತೆಳ್ಳಗಿನ ಮಾತು. ಮೊದಲು ಅಂಗಡಿ ಕಾಲೂರಲಿ, ಆಮೇಲೆ ಮಗು ಎಂದು ಮದುವೆಯಾದಾಗಲೇ ಇಬ್ಬರೂ ಗೊತ್ತುಮಾಡಿಕೊಂಡಿದ್ದರು. 1956ರ ಹೊತ್ತಿಗೆ ಅಂಗಡಿ ಕಾಲೂರಿತ್ತು, ಮೇವಿಸ್‌ಗೆ ಮೂವತ್ತು ತುಂಬಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಅವಳು ಹಳದಿ ಉಲ್ಲನ್ ನೂಲು ಕೂಡ ತಂದಿಟ್ಟಿದ್ದಳು.

ಆದರೆ ಆ ಚಳಿಗಾಲ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಸೂಯೆಜ್ ಕಾಲುವೆಯಲ್ಲಿ ಜಗಳ, ಹಂಗೇರಿಯಲ್ಲಿ ಟ್ಯಾಂಕುಗಳು, ಪೆಟ್ರೋಲಿಗೆ ಮತ್ತೆ ಪಡಿತರ. ಹುಡುಗಿಯಾಗಿದ್ದಾಗ ಪಕ್ಕದ ಬೀದಿಗೆ ಬಾಂಬು ಬಿದ್ದದ್ದನ್ನು ಕಂಡವಳು ಅವಳು. ಈಗ ಬೀಳುವ ಬಾಂಬಿಗೆ ಪಕ್ಕದ ಬೀದಿ ಎಂಬುದೇ ಇರುವುದಿಲ್ಲ ಎಂದು ರೇಡಿಯೋದಲ್ಲಿ ಯಾರೋ ಹೇಳಿದ್ದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಹಾಸಿಗೆಯಲ್ಲಿ ಎದ್ದು ಕೂತು ಗೋಡೆ ನೋಡುತ್ತಿದ್ದಳು. ವಿಲ್ಫ್ ಎದ್ದು ಹಾಲು ಬಿಸಿ ಮಾಡಿಕೊಡುತ್ತಿದ್ದ, ಅವಳು ಕುಡಿದು ಮತ್ತೆ ಗೋಡೆ ನೋಡುತ್ತಿದ್ದಳು.

ಕೂಸಿನ ಟೋಪಿ ಹೆಣೆಯುವ ಮಾದರಿ ಹುಡುಕುತ್ತ ಒಂದು ದಿನ ಪತ್ರಿಕೆ ತಿರುವಿದಾಗ ಎದುರು ಪುಟ ಪೂರ್ತಿ ಕಪ್ಪಾಗಿತ್ತು. ಅದರ ನಡುವೆ ಬಿಳಿ ಅಕ್ಷರ: ‘ತಾಯಂದಿರೇ, ಆ ದಿನ ನಿಮ್ಮ ಮಡಿಲಲ್ಲಿ ಯಾರಿರುತ್ತಾರೆ?’ ಕೆಳಗೆ ಸಣ್ಣದಾಗಿ, ಹದಿನೈದು ವರ್ಷದೊಳಗೆ ಈ ಲೋಕ ಮುಗಿಯುತ್ತದೆ, ಶಾಸ್ತ್ರದಲ್ಲಿ ಸ್ಪಷ್ಟವಾಗಿದೆ, ಉಚಿತ ಪುಸ್ತಿಕೆಗೆ ಈ ಚೀಟಿ ಕತ್ತರಿಸಿ ಕಳಿಸಿ ಎಂದಿತ್ತು. ಕೊಟ್ಟವರ ಹೆಸರು ಹನ್ನೊಂದನೆಯ ಗಂಟೆಯ, ಅಂದರೆ ಕೊನೆಗಳಿಗೆಯ, ಬಳಗ; ವಿಳಾಸ ಲಂಡನ್ನಿನ ಒಂದು ಅಂಚೆಪೆಟ್ಟಿಗೆ. ಎಲ್ಲಕ್ಕಿಂತ ಕೊನೆಗೆ ಇದ್ದ ಸಾಲು, ‘ನಿಮ್ಮ ಮನೆ ಬಾಗಿಲಿಗೆ ಯಾರೂ ಬರುವುದಿಲ್ಲ.’ ಜಾಹೀರಾತು ಬರೆದವನು ಯಾರೋ ನಮ್ಮ ಜನರನ್ನು ಚೆನ್ನಾಗಿ ಬಲ್ಲವನು. ಲೋಕ ಮುಳುಗುವುದನ್ನು ನಾವು ಹೇಗೋ ತಡೆದುಕೊಳ್ಳುತ್ತೇವೆ, ಬಾಗಿಲಿಗೆ ಬಂದು ಅದನ್ನು ಹೇಳುವವನನ್ನು ತಡೆದುಕೊಳ್ಳಲಾರೆವು.

ಪುಸ್ತಿಕೆ ಕಂದು ಲಕೋಟೆಯಲ್ಲಿ ಬಂತು. ಮೇವಿಸ್ ಒಂದೇ ಉಸಿರಿಗೆ ಓದಿದಳು. ಇವೆಲ್ಲ ಸುಮ್ಮನೆ ಆಗುತ್ತಿರುವುದಲ್ಲ, ಇದಕ್ಕೊಂದು ಕ್ರಮವಿದೆ, ಕೊನೆಯಿದೆ, ಕೊನೆಗೆ ಆಚೆ ದಡವಿದೆ ಎಂದು ಅದರಲ್ಲಿ ಬರೆದಿತ್ತು. ಅಂದು ಮಲಗಿದವಳು ಬೆಳಗಿನ ಕಾರ್ಖಾನೆಯ ಸೈರನ್ನಿಗೂ ಏಳಲಿಲ್ಲ. ಬಸುರಿಯರಿಗೂ ಎಳೆಗೂಸಿನ ತಾಯಂದಿರಿಗೂ ಆ ದಿನಗಳು ಎಲ್ಲರಿಗಿಂತ ಕ್ರೂರ ಎಂದೂ ಆ ಪುಸ್ತಿಕೆಯಲ್ಲಿ ಬರೆದಿತ್ತು. ಆ ಭಾನುವಾರ ಊಟಕ್ಕೆ ಕೂತಾಗ ಅವಳು ಹೇಳಿದಳು, "ಮಗು ಬೇಡ ಅನ್ಸುತ್ತೆ ವಿಲ್ಫ್. ಈ ಲೋಕಕ್ಕೆ ಒಂದು ಜೀವ ತಂದು ಏನ್ ಮಾಡೋದು."

ವಿಲ್ಫ್ ಮಾಂಸ ಕತ್ತರಿಸುತ್ತಿದ್ದ. ಚಾಕು ನಿಲ್ಲಿಸಲಿಲ್ಲ. "ಸರಿ ಹಾಗಾದ್ರೆ," ಅಂದ. "ಗ್ರೇವಿ ಈ ಕಡೆ ಕೊಡು."

ಅಷ್ಟೇ ಮಾತು. ಹಾಸಿಗೆಯ ವಿಷಯವನ್ನು ಗಂಡ ಹೆಂಡತಿ ಹಗಲಲ್ಲಿ ಮಾತಾಡುವುದು ನಮ್ಮಲ್ಲಿ ಒಳಂಗಿಯಲ್ಲಿ ಸಂತೆಗೆ ಹೋದಷ್ಟು ನಾಚಿಕೆಗೇಡು. ಮೌನಂ ಸಮ್ಮತಿ ಲಕ್ಷಣಂ ಎಂದು ಯಾರು ಹೇಳಿದರೋ, ಅವರು ರಷ್ಡನ್‌ನಲ್ಲಿ ಒಂದು ವಾರ ಬಾಡಿಗೆಗೆ ಇದ್ದು ನೋಡಬೇಕಿತ್ತು. ಹಳದಿ ನೂಲನ್ನು ಮೇವಿಸ್ ಮಂದಿರದ ಹಳೆಬಟ್ಟೆ ಮಾರಾಟಕ್ಕೆ ಕೊಟ್ಟಳು.

ಮೇವಿಸ್ ಹೆಸರು ಕಳಿಸಿ ಬಳಗಕ್ಕೆ ಸೇರಿದಳು. ಬಳಗದವರಿಗೆ ಗುಡಿಯಿಲ್ಲ, ಪಾದ್ರಿಯಿಲ್ಲ, ಬಾಗಿಲು ತಟ್ಟುವುದಿಲ್ಲ. ಅವರದೊಂದೇ ಕೆಲಸ. ಜಾಹೀರಾತು ಬಂದ ತಿಂಗಳು ಆ ಪತ್ರಿಕೆಯ ಪ್ರತಿಗಳ ಕಟ್ಟು ಸದಸ್ಯರ ಮನೆಗೆ ಬರುತ್ತಿತ್ತು. ಆ ಪುಟ ತೆರೆದು, ಮೇಜಿನ ಮೇಲೆ ಅಂಗಾತ ಮಾಡಿ, ನಡುವಿನ ಮಡಿಕೆಯುದ್ದಕ್ಕೂ ಹೆಬ್ಬೆರಳು ಒತ್ತಿ ಎಳೆಯಬೇಕು. ಪತ್ರಿಕೆಯ ಬೆನ್ನು ಒಮ್ಮೆ ಲಟಕ್ ಎಂದರೆ ಆಯಿತು, ಆಮೇಲೆ ಯಾರು ಎತ್ತಿಕೊಂಡರೂ ಪತ್ರಿಕೆ ಅಲ್ಲಿಯೇ ಬಾಯಿ ಬಿಡುತ್ತದೆ. ಇದಕ್ಕೆ ಅವರು ಪುಟ ಮಲಗಿಸುವುದು ಎನ್ನುತ್ತಿದ್ದರು. ಹಾಗೆ ಮಲಗಿಸಿದ ಪತ್ರಿಕೆಗಳನ್ನು ವೈದ್ಯರಲ್ಲಿ, ಹಲ್ಲಿನವರಲ್ಲಿ, ರೈಲು ನಿಲ್ದಾಣದ ಕಾಯುವ ಕೋಣೆಯಲ್ಲಿ ಸದ್ದಿಲ್ಲದೆ ಇಟ್ಟು ಬರಬೇಕು. ಮೇವಿಸ್‌ಳ ಬೆರಳು ಕೂದಲಿಗೆ ಹೇಳಿ ಮಾಡಿಸಿದ್ದು, ಇದಕ್ಕೆ ಸಾಲದು. ಒಂದು ಶನಿವಾರ ವಿಲ್ಫ್ ಅವಳ ಕೈಯಿಂದ ಪತ್ರಿಕೆ ತೆಗೆದುಕೊಂಡು, "ಕೊಡಿಲ್ಲಿ, ಉಗುರು ಮುರ್ಕೋತೀಯ," ಅಂದ. ಅಂದಿನಿಂದ ಅದು ಅವನ ಕೆಲಸವಾಯಿತು. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಿ ಇಟ್ಟು ಬರುವುದೂ ಅವನದೇ. ನಮ್ಮೂರಲ್ಲಿ ಹಲ್ಲುನೋವು ಬಂದವರಿಗೆಲ್ಲ ಲೋಕದ ಅಂತ್ಯವೂ ತಿಳಿಯಿತು.

ಪಕ್ಕದ ಮನೆಯ ಮಿಸೆಸ್ ಕ್ಲಿಪ್‌ಸನ್ ನಾಲ್ಕು ಮಕ್ಕಳ ತಾಯಿ, ಬಾಯಿಗೆ ಬೀಗವಿಲ್ಲದವಳು. ಒಣಗಿಸುವ ಯಂತ್ರದಡಿ ಕೂತು ಕೂಗಿ ಮಾತಾಡುತ್ತಿದ್ದಳು.

"ಏನೇ ಮೇವಿಸ್, ನಿನ್ ಅಂಗಡೀಲಿ ಯಾವ ಪತ್ರಿಕೆ ಎತ್ತಿದ್ರೂ ಅದೇ ಪುಟ ಬರುತ್ತಲ್ಲೇ. ಕತೆಯ ಕೊನೆ ಓದೋಣ ಅಂದ್ರೆ ಲೋಕದ ಕೊನೆ ಬರುತ್ತೆ."

"ಎರಡೂ ಓದ್ಕೊಳ್ಳಿ ಮಿಸೆಸ್ ಕ್ಲಿಪ್‌ಸನ್. ತಲೆ ಆರೋಕೆ ಇನ್ನೂ ಹೊತ್ತಿದೆ."

"ಓದ್ದೆ ತಾಯಿ, ಓದ್ದೆ. ನಮ್ಮೆಜಮಾನ್ರಿಗೂ ಹೇಳ್ದೆ. ಹಂಗಾದ್ರೆ ಹಿತ್ತಲ ಬೇಲಿ ರಿಪೇರಿ ಬೇಡ ಬಿಡು ಅಂದ್ರು. ಅವ್ರಿಗೆ ಧರ್ಮ ಹಿಡಿಸಿದ್ದು ಅದೊಂದೇ ಸಲ."

ಮೇವಿಸ್ ನಗುತ್ತಿದ್ದಳು. ಆ ವರ್ಷಗಳಲ್ಲಿ ಅವಳಿಗೆ ನಗು ಸುಲಭವಾಗಿ ಬರುತ್ತಿತ್ತು, ಅದನ್ನು ಮುಚ್ಚಿಡುವುದು ತಪ್ಪು. ಗಿರಾಕಿಗಳು ಬಸುರಾಗಿ ಬಂದರೆ ಅವಳಿಗೆ ಹೊಟ್ಟೆಕಿಚ್ಚಾಗುತ್ತಿರಲಿಲ್ಲ, ಅಯ್ಯೋ ಪಾಪ ಎನಿಸುತ್ತಿತ್ತು. ತನಗೆ ಗೊತ್ತಿದೆ, ಇವರಿಗೆ ಗೊತ್ತಿಲ್ಲ. ಗೊತ್ತಿರುವುದರಲ್ಲಿ ಒಂದು ಸುಖವಿದೆ.

ಆ ಸುಖ ಹೋದದ್ದು 1964ರಲ್ಲಿ. ಬಳಗಕ್ಕೆ ಅಷ್ಟರಲ್ಲಿ ಒಳ್ಳೆ ಕಾಲ ಬಂದಿರಬೇಕು, ಕಪ್ಪು ಪುಟ ಹೋಗಿ ಬಣ್ಣದ ಚಿತ್ರ ಬಂದಿತ್ತು. ಒಬ್ಬ ತಾಯಿ, ಎದೆಗವಚಿಕೊಂಡ ಮಗು, ಹಿಂದೆ ಹೊಗೆ ತುಂಬಿದ ಕೆಂಪು ಆಕಾಶ. ತಾಯಿ ಮೇಲೆ ನೋಡುತ್ತಿದ್ದಾಳೆ. ಅಂಗಡಿಯಲ್ಲಿ ಗಿರಾಕಿಯಿಲ್ಲದ ಹೊತ್ತು ಮೇವಿಸ್ ಅದನ್ನು ಬಹಳ ಹೊತ್ತು ನೋಡಿ, ಹಾಗೇ ಮುಂದೆ ತಿರುವಿದಳು. ಅಡಿಗೆ ಪುಟ, ಧಾರಾವಾಹಿ, ಆಮೇಲೆ ಮಕ್ಕಳ ಟಾಲ್ಕಂ ಪೌಡರಿನ ಜಾಹೀರಾತು. ಅದರಲ್ಲಿ ಒಬ್ಬ ತಾಯಿ, ಎದೆಗವಚಿಕೊಂಡ ಮಗು, ಹಿಂದೆ ನೀಲಿ ಆಕಾಶ. ಅದೇ ತಾಯಿ. ಅದೇ ಮಗು, ಅದೇ ಬಲಗಾಲಿನ ಅರ್ಧ ಜಾರಿದ ಕಾಲುಚೀಲ. ಚಿತ್ರ ಒಂದೇ. ಒಂದು ಕಡೆ ಲೋಕ ಉರಿಯುತ್ತಿದೆ, ಇನ್ನೊಂದು ಕಡೆ ಮಗುವಿನ ಮೈ ಘಮಘಮಿಸುತ್ತಿದೆ.

ಅವಳು ಅಳಲಿಲ್ಲ, ಕುರ್ಚಿಯಿಂದ ಏಳಲೂ ಇಲ್ಲ. ಒಳಗೆ ಏನೋ ಆರಿಹೋಯಿತು. ಅಂಥ ಚಿತ್ರಗಳನ್ನು ಯಾವುದೋ ಸ್ಟುಡಿಯೋದಲ್ಲಿ ಕೊಳ್ಳುತ್ತಾರೆ, ಬೇಕಾದ ಆಕಾಶ ಹಾಕಿಕೊಳ್ಳುತ್ತಾರೆ ಎಂಬುದು ದೊಡ್ಡ ಗುಟ್ಟೇನಲ್ಲ. ಆದರೆ ಆ ಹೆಂಗಸು ಮೇಲೆ ನೋಡುತ್ತಿದ್ದದ್ದು ದೇವರನ್ನಲ್ಲ, ಫೋಟೋ ಹಿಡಿಯುವವನು ಎತ್ತಿದ ಗಿಲಕಿಯನ್ನೋ ಏನನ್ನೋ ಎಂದು ಹೊಳೆದ ಮೇಲೆ ಮೇವಿಸ್‌ಗೆ ಇಡೀ ಪುಸ್ತಿಕೆ, ಅದರ ಕ್ರಮ, ಆಚೆ ದಡ, ಎಲ್ಲವೂ ಪೌಡರ್ ಡಬ್ಬಿಯಷ್ಟೇ ಎನಿಸಿತು.

ಆಗ ಅವಳಿಗೆ ಮೂವತ್ತೆಂಟು. ಕೈ ಮೀರಿರಲಿಲ್ಲ. ಮಿಸೆಸ್ ಕ್ಲಿಪ್‌ಸನ್‌ಗೆ ಕೊನೆಯ ಹುಡುಗ ಹುಟ್ಟಿದ್ದು ನಲವತ್ತೊಂದರಲ್ಲಿ. ಮೇವಿಸ್ ಎದ್ದು, ಗಂಡನಿಗೆ ಹೇಳಿಬಿಡಬೇಕೆಂದು ಅಡಿಗೆಮನೆಗೆ ಬಂದಳು. ವಿಲ್ಫ್ ಅಲ್ಲಿ ಮೇಜಿನ ಮುಂದೆ ಕೂತು ಪುಟ ಮಲಗಿಸುತ್ತಿದ್ದ. ಅಂಗಿಯ ತೋಳು ಮಡಚಿದ್ದ, ನಾಲಿಗೆಯ ತುದಿ ತುಟಿಯ ಮೂಲೆಗೆ ಬಂದಿತ್ತು. ಮುಗಿಸಿದ ಪತ್ರಿಕೆಗಳನ್ನು ಅಂಚು ಸರಿಮಾಡಿ ಒಂದರ ಮೇಲೊಂದು ಪೇರಿಸಿದ್ದ. ತಲೆ ಎತ್ತಿ, "ಈ ಸಲ ಚಿತ್ರ ಚೆನ್ನಾಗ್ ಬಂದಿದೆ ಅಲ್ವಾ," ಅಂದ.

ಮೇವಿಸ್ ಬಾಗಿಲಲ್ಲೇ ನಿಂತಳು. ಈ ಮನುಷ್ಯನನ್ನು ಇದಕ್ಕೆ ಎಳೆತಂದವಳು ತಾನು. ಇವನಿಗೆ ಬೇರೆ ಏನಿದೆ? ಕಾರ್ಖಾನೆ, ಈ ಮೇಜು, ಈ ನಂಬಿಕೆ. ಈಗ ನಾನೇ ಬಂದು ಇದೆಲ್ಲ ಪೌಡರ್ ಡಬ್ಬಿ ಎಂದರೆ, ಎಂಟು ವರ್ಷದಿಂದ ಇವನು ಬಿಟ್ಟುಕೊಟ್ಟದ್ದೆಲ್ಲ ಪೌಡರ್ ಡಬ್ಬಿಗಾಗಿ ಎಂದಂತಾಗುತ್ತದೆ. ಅದನ್ನು ಇವನು ತಡೆದುಕೊಳ್ಳುತ್ತಾನೆಯೇ?

"ಚೆನ್ನಾಗಿದೆ," ಅಂದಳು. "ಚಹಾ ಇಡ್ಲಾ?"

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಆಡದಿದ್ದರೂ ಹೋಗುತ್ತದೆ. ನಾಳೆ ಹೇಳಿದರಾಯಿತು, ಕ್ರಿಸ್‌ಮಸ್ ಕಳೆಯಲಿ, ಅವನ ಬೆನ್ನುನೋವು ವಾಸಿಯಾಗಲಿ ಎನ್ನುತ್ತ ಅವಳು ದಿನ ತಳ್ಳಿದಳು. ಬಸುರಿಯರು ಈಗ ಅಂಗಡಿಗೆ ಬಂದರೆ ಅವರ ತಲೆಯ ಹಿಂಭಾಗವನ್ನಷ್ಟೇ ನೋಡಿ ಕೆಲಸ ಮಾಡುತ್ತಿದ್ದಳು, ಕನ್ನಡಿಯತ್ತ ಕಣ್ಣೆತ್ತುತ್ತಿರಲಿಲ್ಲ. ಕ್ರಮೇಣ ಅದೂ ಬೇಕಾಗಲಿಲ್ಲ. ಕನ್ನಡಿ ನೋಡಿದರೂ ಏನೂ ಆಗುತ್ತಿರಲಿಲ್ಲ. ನಲವತ್ತನಾಲ್ಕಕ್ಕೆ ಅವಳ ಮುಟ್ಟು ಪೂರ್ತಿ ನಿಂತಿತು. ಅದು ಖಾತ್ರಿಯಾದ ದಿನವೂ ಮೂರು ತಲೆಗೆ ಸುರುಳಿ ಕಟ್ಟಿದಳು, ಸಂಜೆ ಆಲೂಗಡ್ಡೆ ಸುಲಿದಳು. ವಿಲ್ಫ್‌ಗೆ ಅದನ್ನೂ ಹೇಳಲಿಲ್ಲ.

ಬಳಗ ಕೊನೆಗೆ ದಿನವನ್ನೂ ಹೇಳಿತು. 1971ರ ಸೆಪ್ಟೆಂಬರಿನ ಕೊನೆಯ ಶನಿವಾರ. ಮಿಸೆಸ್ ಕ್ಲಿಪ್‌ಸನ್‌ಗೆ ಈ ಸುದ್ದಿ ಹಲ್ಲಿನವರಲ್ಲಿ ಸಿಕ್ಕಿತು.

"ಶನಿವಾರಾನೇ? ಶನಿವಾರ ನಿಂಗೆ ಗಿರಾಕಿ ಜಾಸ್ತಿ ಅಲ್ವೇನೇ. ಸೋಮವಾರ ಇಟ್ಕೊಂಡಿದ್ರೆ ಅಂಗಡಿ ಹೆಂಗೂ ರಜೆ ಇತ್ತು."

"ನಾನು ಇಟ್ಟಿದ್ದಲ್ಲ ಮಿಸೆಸ್ ಕ್ಲಿಪ್‌ಸನ್."

"ಹೋಗ್ಲಿ, ನನ್ನನ್ನ ಶುಕ್ರವಾರಕ್ಕೆ ಬರ್ಕೋ. ಆಕಡೆ ಹೋದ್ಮೇಲೆ ಯಾರ್ ಸಿಗ್ತಾರೋ ಏನೋ, ತಲೆ ನೆಟ್ಟಗಿರ್ಲಿ."

ಆ ವಾರ ಮೇವಿಸ್ ಹೆದರಿದ್ದು ಲೋಕಕ್ಕಲ್ಲ, ವಿಲ್ಫ್‌ಗಾಗಿ. ಭಾನುವಾರ ಬೆಳಗಾದಾಗ ಇವನು ಏನಾಗುತ್ತಾನೆ? ಔಷಧಿಯ ಡಬ್ಬಿಯಿಂದ ನಿದ್ದೆ ಮಾತ್ರೆಗಳನ್ನು ತೆಗೆದು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಳು. ವಿಲ್ಫ್ ಶುಕ್ರವಾರ ಸಂಜೆ ಖಾಲಿ ಹಾಲಿನ ಸೀಸೆಯ ಕತ್ತಿನಲ್ಲಿ ಚೀಟಿ ಸುತ್ತಿ ಹೊಸ್ತಿಲಲ್ಲಿ ಇಟ್ಟ: ‘ನಾಳೆಯಿಂದ ಹಾಲು ಬೇಡ. ವಂದನೆಗಳು.’ ಲೋಕವೇ ಮುಳುಗಲಿ, ಹಾಲಿನವನಿಗೆ ಮೊದಲೇ ತಿಳಿಸುವುದು ನಮ್ಮೂರಿನ ಮರ್ಯಾದೆ.

ಶನಿವಾರ ಇಬ್ಬರೂ ಒಳ್ಳೆ ಬಟ್ಟೆ ಹಾಕಿಕೊಂಡು ಅಡಿಗೆಮನೆಯಲ್ಲಿ ಕೂತರು. ಅವಳು ಅವನನ್ನು ನೋಡುತ್ತಿದ್ದಳು, ಅವನು ಅವಳನ್ನು ನೋಡುತ್ತಿದ್ದ. ಕಣ್ಣು ಕೂಡಿದಾಗ ಇಬ್ಬರೂ ಮೆಲ್ಲಗೆ ನಗುತ್ತಿದ್ದರು. ಮಧ್ಯಾಹ್ನ ಕಿಟಕಿ ತೊಳೆಯುವವನು ಬಂದು ಏಣಿ ಒರಗಿಸಿ ಕಿಟಕಿ ತೊಳೆದ, ವಿಲ್ಫ್ ಅವನಿಗೆ ದುಡ್ಡು ಕೊಟ್ಟ. ಫುಟ್‌ಬಾಲ್ ಆಟದ ಕೂಗು ಮೈದಾನದಿಂದ ಕೇಳಿಸಿತು. ಕತ್ತಲಾಯಿತು, ಮಲಗಿದರು. ಭಾನುವಾರ ಬೆಳಗ್ಗೆ ಎದ್ದು ಕರಿ ಚಹಾ ಕುಡಿದರು. ಮಿಸೆಸ್ ಕ್ಲಿಪ್‌ಸನ್ ಹಿತ್ತಲ ಗೋಡೆಯ ಮೇಲಿಂದ ಅರ್ಧ ಸೀಸೆ ಹಾಲು ಚಾಚಿ, "ತಗೋ," ಅಂದಳು. ಆ ಬಾಯಿಯಿಂದ ಕುಚೋದ್ಯ ಬರದಿದ್ದುದೇ ಮೇವಿಸ್‌ಗೆ ಎಲ್ಲಕ್ಕಿಂತ ಕಷ್ಟವಾಯಿತು.

ವಿಲ್ಫ್ ಮುರಿದುಬೀಳಲಿಲ್ಲ. ಸೋಮವಾರ ಕೆಲಸಕ್ಕೆ ಹೋದ, ಸಂಜೆ ಬಂದ, ಹೊಟ್ಟೆ ತುಂಬ ಉಂಡ. ಮೇವಿಸ್‌ಗೆ ಅದು ಅರ್ಥವಾಗಲಿಲ್ಲ, ಆದರೆ ಕೇಳಲಿಲ್ಲ.

ನವೆಂಬರಿನಲ್ಲಿ ಎಂದಿನಂತೆ ಪತ್ರಿಕೆಗಳ ಕಟ್ಟು ಬಂತು. ಜಾಹೀರಾತಿನಲ್ಲಿ ಈಗ ವರ್ಷವಿಲ್ಲ, ದಿನವಿಲ್ಲ. ‘ದೇವರು ತಾಳ್ಮೆಯುಳ್ಳವನು. ನೀವು?’ ಎಂದಷ್ಟೇ ಇತ್ತು. ತಾಳಿದವನು ಬಾಳಿಯಾನು ಎಂಬ ಮಾತನ್ನು ಹೀಗೂ ಮಾರಬಹುದು. ಭಾನುವಾರ ಊಟವಾದ ಮೇಲೆ ವಿಲ್ಫ್ ಮೇಜು ಒರೆಸಿ, ಅಂಗಿಯ ತೋಳು ಮಡಚಿ, ಮೊದಲ ಪ್ರತಿಯ ಬೆನ್ನಿಗೆ ಹೆಬ್ಬೆರಳು ಕೊಟ್ಟ. ಲಟಕ್ ಎಂದಿತು. ತಟ್ಟೆ ಒರೆಸುತ್ತಿದ್ದ ಮೇವಿಸ್‌ಗೆ ಆ ಸದ್ದು ತಡೆಯಲಾಗಲಿಲ್ಲ.

"ಬಿಟ್ಬಿಡು ವಿಲ್ಫ್."

"ಬಿಡ್ಲಾ?"

"ನೀನು ಇನ್ನೂ ನಂಬ್ತೀಯಾ ಇದನ್ನ?"

ವಿಲ್ಫ್ ಪತ್ರಿಕೆ ಮುಚ್ಚಿದ. ಅದು ತಾನಾಗಿ ತೆರೆದುಕೊಂಡಿತು. ಮತ್ತೆ ಮುಚ್ಚಿ ಮೇಲೆ ಸಕ್ಕರೆ ಡಬ್ಬಿ ಇಟ್ಟ.

"ಇನ್ನೂ ಅಂದ್ರೆ," ಅಂದ. "ನಾನು ಯಾವತ್ತೂ ನಂಬಿರ್ಲಿಲ್ಲ ಕಣೇ."

ಅವಳು ಅದೇ ತಟ್ಟೆಯನ್ನು ಒರೆಸುತ್ತಲೇ ಇದ್ದಳು. "ಮತ್ತೆ ಇಷ್ಟು ವರ್ಷ?"

"ನಿಂಗೆ ನಿದ್ದೆ ಬಂತಲ್ಲ. ಆ ಪುಸ್ತಕ ಬಂದ್ಮೇಲೆ. ಅದಕ್ಕೆ ಮುಂಚೆ ನೀನು ಗೋಡೆ ನೋಡ್ಕೊಂಡು ಕೂತಿರ್ತಿದ್ದೆ. ನಂಗೆ ಭಯ ಆಗಿತ್ತು, ಎಲ್ಲಿ ಹುಚ್ಚಾಸ್ಪತ್ರೆಗೆ ಸೇರಿಸ್ಬೇಕಾಗುತ್ತೋ ಅಂತ. ಸುಳ್ಳಾದ್ರೆ ಸುಳ್ಳು, ಮಲಗ್ಲಿ ಅಂದ್ಕೊಂಡೆ."

"ಮಗು?"

"ನೀನೇ ಒಂದಿನ ಮನಸ್ಸು ಬದಲಾಯಿಸ್ತೀಯ ಅಂತ ಕಾಯ್ದೆ. ಕೇಳೋದು ಹೆಂಗೆ? ನೀನು ಬೇಡ ಅಂದಿದ್ದೆ."

ಮೇವಿಸ್ ತಟ್ಟೆ ಕೆಳಗಿಟ್ಟಳು. "ನಾನು ನಂಬೋದು ಬಿಟ್ಟು ಏಳು ವರ್ಷ ಆಯ್ತು ವಿಲ್ಫ್. ಆ ಪೌಡರ್ ಜಾಹೀರಾತು ನೋಡಿದ ದಿನ."

ವಿಲ್ಫ್ ತಲೆ ಎತ್ತಿದ. "ಅದೇ ಹೆಂಗಸು, ಅದೇ ಮಗು ಇದ್ದಿದ್ದಾ?"

"ನೀನೂ ನೋಡಿದ್ಯಾ?"

"ಮನೆ ಪ್ರತೀಲಿ ಆ ಪುಟ ಕಿತ್ತು ಒಲೆಗೆ ಹಾಕ್ದೆ. ನೋಡಿದ್ರೆ ನೀನು ಎದೆ ಒಡ್ಕೋತೀಯ ಅಂತ."

"ನಾನು ಅಂಗಡಿ ಪ್ರತೀಲಿ ನೋಡ್ದೆ," ಅಂದಳು ಮೇವಿಸ್. "ಹೇಳೋಕೆ ಬಂದೆ. ನೀನು ಚಿತ್ರ ಚೆನ್ನಾಗಿದೆ ಅಂದೆ."

"ನಿನಗೋಸ್ಕರ ಅಂದಿದ್ದು."

ಎಂಥ ಒಳ್ಳೆಯ ಜನ! ಇಬ್ಬರಲ್ಲಿ ಒಬ್ಬರಾದರೂ ಸ್ವಲ್ಪ ಒರಟಾಗಿದ್ದಿದ್ದರೆ, ಒಂದು ದಿನ ತಟ್ಟೆ ಎಸೆದು ಜಗಳ ಆಡಿದ್ದರೆ, ಆ ಮನೆಯಲ್ಲಿ ಆಗ ಶಾಲೆಗೆ ಹೋಗುವ ಒಂದು ಮಗು ಇರುತ್ತಿತ್ತು. ನಮ್ಮ ಊರಿನವರು ಈಗಲೂ ಟೆಬಟ್ ದಂಪತಿ ಒಂದು ದಿನವೂ ದನಿ ಎತ್ತಿದವರಲ್ಲ ಎಂದು ಹೊಗಳುತ್ತಾರೆ. ಕೇಳಿದರೆ ಮೈ ಉರಿಯುತ್ತದೆ.

ಮೇವಿಸ್ ಅಳು ಬರುತ್ತದೆ ಎಂದು ಕಾಯ್ದಳು. ಸುತ್ತಿಗೆಯ ಪೆಟ್ಟು ಬಿದ್ದ ಬೆರಳಿಗೂ ಮೊದಲು ನೋವಾಗುವುದಿಲ್ಲ, ಆಮೇಲೆ ಆಗುತ್ತದೆ. ಅವಳಿಗೆ ಆಮೇಲೆಯೂ ಆಗಲಿಲ್ಲ. ಕೈ ಒರೆಸಿಕೊಂಡು ಗಂಡನ ಎದುರು ಕೂತಳು. ಬಾನುಲಿಯಲ್ಲಿ ಯಾರೋ ತೋಟಗಾರಿಕೆಯ ಬಗ್ಗೆ ಮಾತಾಡುತ್ತಿದ್ದರು. ಗೆಡ್ಡೆಗಳನ್ನು ಹಿಮ ಬೀಳುವ ಮುಂಚೆ ನೆಡಬೇಕಂತೆ.

ವಿಲ್ಫ್ ಮೇಜನ್ನೇ ನೋಡುತ್ತ ಹೇಳಿದ, "ಒಂದು ಹೆಸರೂ ಇಟ್ಕೊಂಡಿದ್ದೆ. ಹೆಣ್ಣಾದ್ರೆ ಅಂತ."

"ಹೇಳ್ಬೇಡ," ಅಂದಳು ಮೇವಿಸ್.

ಅವನು ತಲೆಯಾಡಿಸಿದ. ಕಟ್ಟಿನಲ್ಲಿ ಉಳಿದಿದ್ದ ಪತ್ರಿಕೆಗಳು ಆ ಚಳಿಗಾಲ ಒಲೆ ಹೊತ್ತಿಸಲು ಬಂದವು.

ಆಮೇಲೆ ಒಂಬತ್ತು ವರ್ಷ ಇಬ್ಬರೂ ಒಟ್ಟಿಗೆ ಬಾಳಿದರು. ಬೇಸಿಗೆಯಲ್ಲಿ ಸಮುದ್ರತೀರಕ್ಕೆ ಹೋಗಿಬಂದರು, ಮುಂದಿನ ಕೋಣೆಗೆ ಹೊಸ ಕಾರ್ಪೆಟ್ ಹಾಸಿದರು. ಆ ಹೆಸರು ಏನಿರಬಹುದು ಎಂದು ಮೇವಿಸ್ ಬಸ್ಸಿನಲ್ಲಿ ಅವನ ಪಕ್ಕ ಕೂತಾಗ, ಗಿರಾಕಿಯ ತಲೆ ಬಾಚುವಾಗ, ಆಲೂಗಡ್ಡೆ ಸುಲಿಯುವಾಗ ಯೋಚಿಸುತ್ತಿದ್ದಳು. ಕೇಳಬೇಕು ಎಂದುಕೊಂಡಳು. ಅವನಿಗೆ ನೋವಾದೀತು ಎಂದು ಕೇಳಲಿಲ್ಲ. ವಿಲ್ಫ್ ಒಂದು ಮಂಗಳವಾರ ಕಾರ್ಖಾನೆಯಲ್ಲಿ, ಚರ್ಮದ ಮೇಲೆ ಬಾಗಿದ್ದವನು ಹಾಗೇ ಕುಸಿದು ತೀರಿಕೊಂಡ. ಆ ಹೆಸರನ್ನು ಅವನು ಅವಳಿಗೆ ಕೊನೆಯವರೆಗೂ ಹೇಳಿರಲಿಲ್ಲ. ಹೇಳಬೇಡ ಅಂದಿದ್ದಳಲ್ಲ.